ರಕ್ತ ನಿಲ್ಲಿಸಬಹುದು, ಮಾತ್ರೆ ನಿಲ್ಲಿಸಬೇಡಿ

ಹಲ್ಲು–ಬಾಯಿ: ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಹೃದ್ರೋಗ ಇರುವವರು ಹಲ್ಲು ಕೀಳಿಸಬಹುದೇ ಎಂಬ ಪ್ರಶ್ನೆಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲಿನ ಉತ್ತರ ಬರೆದು ಕೈ ತೊಳೆದುಕೊಂಡಿದ್ದೆ. ಅದು ಸಾಲಲಿಲ್ಲ ಎಂದು ನೀವು ಪತ್ರ ಬರೆದೇ ತಿಳಿಸಿದಿರಿ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದೇ ವಿಷಯಕ್ಕೆ. ಒಂದೇ ತರಹದ ಪತ್ರಗಳಲ್ಲಿ ಒಂದನ್ನು ಆರಿಸಿಕೊಂಡಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ನನಗೆ 63 ವರ್ಷ. ಐದು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಸೇರಿರುವ ಮಾತ್ರೆ ದಿನಾ ಒಂದು. ಈಗ ಕೆಳಗಿನ ದವಡೆ ಹಲ್ಲು ಹುಳುಕಾಗಿ ಮುರಿದು ಬೇರು ಮಾತ್ರ ಉಳಿದಿದೆ. ರಾತ್ರಿ ನಿದ್ದೆ ಇಲ್ಲ. ನಮ್ಮೂರಿನ ದಂತವೈದ್ಯರು ‘ಮಾತ್ರೆ ಒಂದು ವಾರ ಬಿಟ್ಟು ಬನ್ನಿ, ಕೀಳ್ತೀನಿ’ ಅಂದರು. ಮಗಳು ಬೇಡವೇ ಬೇಡ ಅನ್ನುತ್ತಾಳೆ. ಯಾರ ಮಾತು ಕೇಳಲಿ?
— ನಿವೃತ್ತ ಶಿಕ್ಷಕರು, ತಿಪಟೂರು

ಮಗಳ ಮಾತು ಕೇಳಿ ಮೇಷ್ಟ್ರೇ.

ಸ್ಟೆಂಟ್ ಅಂದರೆ ರಕ್ತನಾಳದೊಳಗೆ ಕೂರಿಸಿದ ಲೋಹದ ಸಣ್ಣ ಜಾಲರಿ. ನಾಳದ ಒಳಪದರ ನಿಧಾನವಾಗಿ ಬೆಳೆದು ಅದನ್ನು ಮುಚ್ಚಬೇಕು. ಅಲ್ಲಿಯವರೆಗೂ ರಕ್ತದ ಪ್ಲೇಟ್‌ಲೆಟ್‌ಗಳಿಗೆ ಅದು ಹೊರಗಿನಿಂದ ಬಂದ ವಸ್ತುವೇ. ಅಂಟಿಕೊಂಡು ಗಂಟು ಕಟ್ಟಲು ಕಾಯುತ್ತಿರುತ್ತವೆ. ನಿಮ್ಮ ಮಾತ್ರೆ ಅವನ್ನು ದೂರ ಇಟ್ಟಿದೆ. ಹಾರ್ಟ್ ಅಟ್ಯಾಕ್ ಆಗಿ ಔಷಧ ಲೇಪಿತ ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ 12 ತಿಂಗಳು ಎರಡೂ ಔಷಧ ಬೇಕು. ನೀವಿನ್ನೂ ಅರ್ಧ ದಾರಿಯಲ್ಲಿದ್ದೀರಿ. ಈಗ ವಾರಗಟ್ಟಲೆ ಬಿಟ್ಟು ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಅದು ಇನ್ನೊಂದು ಹಾರ್ಟ್ ಅಟ್ಯಾಕ್, ಮತ್ತು ಹಾಗಾದವರಲ್ಲಿ ಸಾಯುವವರು ಕಡಿಮೆಯಲ್ಲ. ಅಮೆರಿಕದ ಹೃದಯ ತಜ್ಞರ ಸಂಘಗಳೂ ಅಲ್ಲಿನ ದಂತವೈದ್ಯರ ಸಂಘವೂ ಒಟ್ಟಿಗೆ ಕೂತು ಈ ಎಚ್ಚರಿಕೆ ಕೊಟ್ಟದ್ದು 2007ರಲ್ಲಿ.

ಇನ್ನೊಂದು ಕಡೆ ಹಲ್ಲು ಕಿತ್ತ ಗುಳಿ. ಅದು ನಮ್ಮ ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಜಾಗ. ಗಾಜ್ ಇಟ್ಟು ಅರ್ಧ ಗಂಟೆ ಕಚ್ಚಿಸಬಹುದು, ಒಳಗೆ ಜೆಲಾಟಿನ್ ಸ್ಪಂಜ್ ತುಂಬಬಹುದು, ಮೇಲೊಂದು ಹೊಲಿಗೆ ಹಾಕಬಹುದು, ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ಅದ್ದಿದ ಗಾಜ್ ಒತ್ತಬಹುದು. ನಿಮ್ಮ ಮಾತ್ರೆಯಿಂದ ರಕ್ತ ಜಿನುಗುವುದು ಹೆಚ್ಚು ಹೊತ್ತು ಇರುತ್ತದೆ, ನಿಜ. ಆದರೆ ನಿಲ್ಲುತ್ತದೆ. ಹೃದಯದ ನಾಳಕ್ಕೆ ಹೀಗೆ ಬೆರಳಿಟ್ಟು ಒತ್ತಲು ಆಗುತ್ತದೆಯೇ?

ನಿಮ್ಮ ಊರಿನ ವೈದ್ಯರನ್ನು ಬೈಯಬೇಡಿ. ‘ಒಂದು ವಾರ’ ಎಂಬ ಲೆಕ್ಕ ಎಲ್ಲಿಂದಲೋ ಉದುರಿದ್ದಲ್ಲ. ಆಸ್ಪಿರಿನ್ ತಾಕಿದ ಪ್ಲೇಟ್‌ಲೆಟ್ ಸಾಯುವವರೆಗೂ ಸರಿಯಾಗುವುದಿಲ್ಲ, ಅದರ ಆಯಸ್ಸು ಏಳರಿಂದ ಹತ್ತು ದಿನ. ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟದ್ದೂ ಹಾಗೆಯೇ. ಕ್ಲಿನಿಕ್ ತೆರೆದ ಮೊದಲ ವರ್ಷಗಳಲ್ಲಿ ನಾನೂ ಎಷ್ಟೋ ಜನರಿಗೆ ‘ಮಾತ್ರೆ ಬಿಟ್ಟು ಬನ್ನಿ’ ಎಂದು ಚೀಟಿ ಬರೆದು ಕಳಿಸಿದ್ದೇನೆ. ಅವರಿಗೆ ಏನೂ ಆಗಲಿಲ್ಲ ಎಂಬುದು ಅವರ ಅದೃಷ್ಟ, ನನ್ನ ಜಾಣತನವಲ್ಲ.

ಈಗ ನೀವು ಮಾಡಬೇಕಾದ್ದು. ನಿಮ್ಮ ಹೃದಯ ವೈದ್ಯರಿಗೆ ಫೋನ್ ಮಾಡಿ ‘ಹಲ್ಲು ಕೀಳಿಸುತ್ತಿದ್ದೇನೆ, ಮಾತ್ರೆ ಮುಂದುವರಿಸುತ್ತೇನೆ’ ಎಂದು ತಿಳಿಸಿ, ಒಂದು ಸಾಲು ಬರೆಸಿಕೊಳ್ಳಿ. ಹಾರ್ಟ್ ಅಟ್ಯಾಕ್ ಆದ ಮೇಲೆ ಆರು ತಿಂಗಳು ಹಲ್ಲು ಮುಟ್ಟಬಾರದು ಎಂಬುದು ಹಳೆಯ ಕಟ್ಟಳೆ. ಎದೆನೋವು, ಉಬ್ಬಸ ಇಲ್ಲದೆ ಸ್ಥಿರವಾಗಿರುವವರಿಗೆ ಅಷ್ಟು ಕಾಯಿಸುವ ಪದ್ಧತಿ ಈಗಿಲ್ಲ. ಕೀವು, ನೋವು ಇಟ್ಟುಕೊಂಡು ನಿದ್ದೆಗೆಡುವುದೂ ಹೃದಯಕ್ಕೆ ಒಳ್ಳೆಯದಲ್ಲ. ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಹೋಗಿ. ಮಧ್ಯಾಹ್ನ ರಕ್ತ ಬಂದರೆ ಕ್ಲಿನಿಕ್ ತೆರೆದಿರುತ್ತದೆ. ಶನಿವಾರ ಸಂಜೆ ಕೀಳಿಸಿಕೊಂಡು ಭಾನುವಾರ ಬಾಗಿಲು ತಟ್ಟುವ ಪಾಡು ಬೇಡ. ತಿಂಡಿ ತಿಂದು, ಅಂದಿನ ಮಾತ್ರೆಗಳನ್ನೂ ನುಂಗಿಯೇ ಹೋಗಿ. ಕಿತ್ತ ಮೇಲೆ ಆ ದಿನವೆಲ್ಲ ಬಾಯಿ ಮುಕ್ಕಳಿಸಬೇಡಿ, ಬಿಸಿ ಕಾಫಿ ಬೇಡ. ಪದೇಪದೇ ಉಗುಳಬೇಡಿ, ಉಗುಳಿದಷ್ಟೂ ಹೆಪ್ಪು ಕಿತ್ತು ಬರುತ್ತದೆ. ಒಂದು ಹನಿ ರಕ್ತ ಬಾಯಿ ತುಂಬ ಎಂಜಲನ್ನು ಕೆಂಪು ಮಾಡುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಮತ್ತೆ, ಸ್ಟೆಂಟ್ ಇದೆ ಎಂಬ ಒಂದೇ ಕಾರಣಕ್ಕೆ ಹಲ್ಲು ಕೀಳುವ ಮುನ್ನ ಆಂಟಿಬಯೋಟಿಕ್ ಬೇಕಿಲ್ಲ. ಬೈಪಾಸ್ ಆದವರಿಗೂ ಬೇಕಿಲ್ಲ. ಅದು ಬೇಕಾಗುವವರು ಬೇರೆ. ಮುಂದಿನ ಪತ್ರ ನೋಡಿ.

ನಮ್ಮ ಅಮ್ಮನಿಗೆ ಎಂಟು ವರ್ಷದ ಹಿಂದೆ ಲೋಹದ ವಾಲ್ವ್ ಹಾಕಿದ್ದಾರೆ. ಆಸಿಟ್ರಾಮ್ ಮಾತ್ರೆ ತಗೊಳ್ಳುತ್ತಾರೆ. ಎರಡು ಹಲ್ಲು ಅಲ್ಲಾಡುತ್ತಿವೆ. ಇಲ್ಲಿನ ಡಾಕ್ಟರು ಕೀಳುವ ಮೊದಲು ಆಂಟಿಬಯೋಟಿಕ್ ಕೊಡಬೇಕು ಅಂದರು. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ‘ಇಲ್ಲೆಲ್ಲ ಅದನ್ನು ನಿಲ್ಲಿಸಿ ಎಷ್ಟೋ ಕಾಲ ಆಯ್ತು, ಸುಮ್ಮನೆ ಮಾತ್ರೆ ತಿನ್ನಿಸುತ್ತಾರೆ’ ಅನ್ನುತ್ತಾನೆ. ಐಎನ್‌ಆರ್ ಎಷ್ಟಿರಬೇಕು ಅಂತಲೂ ತಿಳಿಸಿ.
— ಓದುಗರು, ಕುಂದಾಪುರ

ಸ್ಟೆಂಟ್ ಮಾತ್ರೆಗೂ ವಾಲ್ವ್ ಮಾತ್ರೆಗೂ ನಮ್ಮ ಜನ ಒಂದೇ ಹೆಸರಿಟ್ಟಿದ್ದಾರೆ: ‘ರಕ್ತ ತೆಳು ಮಾಡುವ ಮಾತ್ರೆ’. ಕೆಲಸ ಬೇರೆ ಬೇರೆ. ಆಸ್ಪಿರಿನ್ ಪ್ಲೇಟ್‌ಲೆಟ್ ತಡೆಯುತ್ತದೆ. ಆಸಿಟ್ರಾಮ್, ವಾರ್ಫರಿನ್‌ಗಳು ವಿಟಮಿನ್ ಕೆ ದಾರಿಗೆ ಅಡ್ಡ ಬಂದು, ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ತಯಾರಿಸದಂತೆ ಮಾಡುತ್ತವೆ. ಆ ಹಿಡಿತ ಎಷ್ಟಿದೆ ಎಂಬುದನ್ನು ಅಳೆಯುವ ಅಂಕಿಯೇ ಐಎನ್‌ಆರ್. ಮಾತ್ರೆ ತಗೊಳ್ಳದವರಲ್ಲಿ ಅದು 1ರ ಆಸುಪಾಸು. ಲೋಹದ ವಾಲ್ವ್ ಇರುವವರಿಗೆ, ವಾಲ್ವ್ ಎಲ್ಲಿದೆ, ಯಾವ ಬಗೆ ಎಂಬುದರ ಮೇಲೆ, ಹೆಚ್ಚಾಗಿ 2.5ರಿಂದ 3.5ರ ನಡುವೆ ಇಡುತ್ತಾರೆ.

ಹಲ್ಲು ಕೀಳುವ ಹಿಂದಿನ ದಿನ ರಕ್ತ ಪರೀಕ್ಷೆ ಮಾಡಿಸಿ. ಅಮ್ಮನ ಅಂಕಿ ತಿಂಗಳುಗಟ್ಟಲೆ ಒಂದೇ ಸಮ ಇದೆ ಎಂದಾದರೆ ಮೂರು ದಿನದ ಹಿಂದಿನ ವರದಿಯೂ ನಡೆದೀತು. 4ಕ್ಕಿಂತ ಕೆಳಗಿದ್ದರೆ ಒಂದೆರಡು ಹಲ್ಲು ಕೀಳಬಹುದು ಎಂದು ಬ್ರಿಟನ್ನಿನ ಮಾರ್ಗದರ್ಶಿ ಹೇಳುತ್ತದೆ; ನಾನು 3.5 ದಾಟಿದರೆ ಹೃದಯ ವೈದ್ಯರನ್ನು ಕೇಳಿಯೇ ಮುಂದುವರಿಯುತ್ತೇನೆ. ಮಾತ್ರೆ ನಿಲ್ಲಿಸುವ ಪ್ರಶ್ನೆ ಇಲ್ಲ. ನಿಲ್ಲಿಸಿದರೆ ವಾಲ್ವ್ ಮೇಲೆ ಹೆಪ್ಪು ಕೂತು ವಾಲ್ವೇ ಸಿಕ್ಕಿಕೊಳ್ಳಬಹುದು, ಇಲ್ಲವೇ ಚೂರು ಹಾರಿ ಮಿದುಳಿಗೆ ಹೋಗಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು, 1990ರಲ್ಲಿ ಮೊದಲ ಬಾರಿ ರೋಗಿಯೊಬ್ಬರ ಎದೆ ಸೇರಿದ ನಮ್ಮ ದೇಶದ್ದೇ ಚಿತ್ರಾ ವಾಲ್ವ್ ಇರಲಿ, ಹೊರಗಿನಿಂದ ತರಿಸಿದ ದುಬಾರಿ ವಾಲ್ವ್ ಇರಲಿ, ಈ ಮಾತು ಎರಡಕ್ಕೂ ಒಂದೇ.

ಇನ್ನು ಆಂಟಿಬಯೋಟಿಕ್. ಬಾಯಿಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು ಹಲ್ಲು ಕೀಳುವಾಗ ರಕ್ತಕ್ಕೆ ನುಗ್ಗುತ್ತವೆ. ಆರೋಗ್ಯವಂತರಲ್ಲಿ ಸ್ವಲ್ಪ ಹೊತ್ತಿನಲ್ಲೇ ದೇಹ ಅವನ್ನು ಮುಗಿಸುತ್ತದೆ. ಕೃತಕ ವಾಲ್ವ್ ಇದ್ದಲ್ಲಿ ಅವು ಅಲ್ಲೇ ಬೇರು ಬಿಡಬಹುದು. ಅದೇ ಎಂಡೊಕಾರ್ಡೈಟಿಸ್, ಹೃದಯದ ಒಳಪದರದ ಸೋಂಕು. ಅಪರೂಪ, ಆದರೆ ಬಂದರೆ ವಾರಗಟ್ಟಲೆ ಡ್ರಿಪ್, ಕೆಲವೊಮ್ಮೆ ಇನ್ನೊಂದು ಆಪರೇಷನ್.

ಅಮೆರಿಕದ ಹಾರ್ಟ್ ಅಸೋಸಿಯೇಷನ್ 1955ರಿಂದಲೂ ಇದಕ್ಕೆ ಮುಂಜಾಗ್ರತೆಯ ಔಷಧ ಹೇಳುತ್ತಾ ಬಂದಿತ್ತು, ಬಹಳ ಜನರಿಗೆ. 2007ರಲ್ಲಿ ಪಟ್ಟಿಯನ್ನು ಚಿಕ್ಕದು ಮಾಡಿತು: ಕೃತಕ ವಾಲ್ವ್ ಇರುವವರು, ಹಿಂದೆ ಒಮ್ಮೆ ಎಂಡೊಕಾರ್ಡೈಟಿಸ್ ಆದವರು, ಹುಟ್ಟಿನಿಂದ ಬಂದ ಕೆಲವು ಬಗೆಯ ಹೃದಯ ದೋಷ ಇರುವವರು, ಹೃದಯ ಕಸಿಯಾಗಿ ಅದರ ವಾಲ್ವ್ ಕೆಟ್ಟಿರುವವರು. ನಿಮ್ಮ ತಮ್ಮ ಹೇಳುವುದೂ ಸುಳ್ಳಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ ಯಾರಿಗೂ ಬೇಡ ಎಂದಿತು. ಆದರೆ 2016ರಲ್ಲಿ ಅದೇ ಸಂಸ್ಥೆ ಆ ವಾಕ್ಯಕ್ಕೆ ‘ವಾಡಿಕೆಯಂತೆ’ ಎಂಬ ಒಂದು ಪದ ಸೇರಿಸಿತು. ವಾಡಿಕೆಯಂತೆ ಬೇಡ, ಅಂದರೆ ಅಗತ್ಯ ಬಿದ್ದವರಿಗೆ ಕೊಡಬಹುದು. ತಮ್ಮನಿಗೆ ಆ ಒಂದು ಪದ ತೋರಿಸಿ. ನಿಮ್ಮ ಅಮ್ಮ ಪಟ್ಟಿಯ ಮೊದಲ ಸಾಲಿನಲ್ಲೇ ಇದ್ದಾರೆ. ನನ್ನ ಕುರ್ಚಿಯಲ್ಲಿ ಅವರು ಕೂತಿದ್ದರೆ ನಾನು ಕೊಡುತ್ತಿದ್ದೆ.

ಕೊಡುವುದು ಅಮಾಕ್ಸಿಸಿಲಿನ್ 2 ಗ್ರಾಂ, ಅಂದರೆ 500 ಮಿಲಿಗ್ರಾಂನ ನಾಲ್ಕು ಕ್ಯಾಪ್ಸೂಲ್ ಒಟ್ಟಿಗೆ, ಕೀಳುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು. ಒಂದೇ ಸಲ. ‘ಐದು ದಿನದ ಕೋರ್ಸ್ ಇಲ್ವಾ ಡಾಕ್ಟ್ರೇ?’ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಪೆನಿಸಿಲಿನ್ ಅಲರ್ಜಿ ಇದ್ದರೆ ಅಜಿತ್ರೊಮೈಸಿನ್‌ನಂಥ ಬೇರೆ ದಾರಿ ಇದೆ. ಮೊದಲು ಬಳಕೆಯಲ್ಲಿದ್ದ ಕ್ಲಿಂಡಮೈಸಿನ್ ಅನ್ನು ಅದರ ಅಡ್ಡ ಪರಿಣಾಮಗಳ ಕಾರಣಕ್ಕೆ 2021ರಲ್ಲಿ ಪಟ್ಟಿಯಿಂದ ತೆಗೆದರು.

ಆಸಿಟ್ರಾಮ್ ತಗೊಳ್ಳುವವರಿಗೆ ಹಲ್ಲು ಕೀಳುವುದಕ್ಕಿಂತ ಆಮೇಲೆ ಬರೆದುಕೊಡುವ ಔಷಧವೇ ಹೆಚ್ಚು ಅಪಾಯ ಎಂದು ನನಗೆ ಅನ್ನಿಸಿದ್ದಿದೆ. ಮೆಟ್ರೊನಿಡಜೋಲ್ ಐಎನ್‌ಆರ್ ಅನ್ನು ಏಕಾಏಕಿ ಏರಿಸುತ್ತದೆ. ಹಲ್ಲಿನ ಸೆಟ್ ಕೆಳಗೆ ಬೂಷ್ಟು ಬಂದಾಗ ಹಚ್ಚುವ ಮೈಕೊನಜೋಲ್ ಜೆಲ್ ಕೂಡ, ‘ಹಚ್ಚುವ ಔಷಧ ತಾನೇ’ ಎಂದುಕೊಂಡರೂ, ಏರಿಸುತ್ತದೆ. ನೋವಿಗೆ ಡೈಕ್ಲೊಫಿನಾಕ್, ಐಬುಪ್ರೊಫೆನ್ ಬೇಡ. ಪ್ಯಾರಸಿಟಮಾಲ್ ಸಾಕು, ಅದೂ ಒಂದೆರಡು ದಿನ. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ, ಸ್ನಾಯುವಿನೊಳಗೆ ರಕ್ತ ಕಟ್ಟಿಕೊಳ್ಳುತ್ತದೆ.

(ಡಾಬಿಗಾಟ್ರಾನ್, ಅಪಿಕ್ಸಾಬಾನ್, ರಿವರಾಕ್ಸಾಬಾನ್ ಎಂಬ ಹೊಸ ಮಾತ್ರೆಗಳ ಬಗ್ಗೆ ಮೂವರು ಕೇಳಿದ್ದಾರೆ. ಅವಕ್ಕೆ ಐಎನ್‌ಆರ್ ಲೆಕ್ಕ ನಡೆಯುವುದಿಲ್ಲ. ಒಂದು ಹಲ್ಲು ಕೀಳಲು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ದೊಡ್ಡ ಕೆಲಸವಾದರೆ ಅಂದಿನ ಬೆಳಗಿನ ಗುಳಿಗೆ ಬಿಡಬೇಕೇ, ತಡ ಮಾಡಬೇಕೇ ಎಂಬುದನ್ನು ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು.)

ಡಾಕ್ಟರ್ರೀ, ನನಗ ಬಿ.ಪಿ. ಐತಿ. ಮೂರು ವರ್ಷದಿಂದ ಆಮ್ಲೊಡಿಪಿನ್ ತಗೊಳ್ಳಾಕತ್ತೀನಿ. ಈಗ ಮುಂದಿನ ಹಲ್ಲಿನ ನಡುವ ಒಸಡು ಗುಳ್ಳಿ ಗುಳ್ಳಿಯಾಗಿ ಉಬ್ಬೇತಿ, ಬ್ರಶ್ ಹಚ್ಚಿದ್ರ ರಕ್ತ ಬರ್ತೈತಿ. ಕ್ಯಾನ್ಸರ್ ಏನೋ ಅಂತ ಅಂಜಿಕಿ ಆಗೇತಿ. ಕ್ಲೀನಿಂಗ್ ಮಾಡಿಸಿದ್ರ ಹಲ್ಲು ಸಡಿಲ ಆಗ್ತಾವ ಅಂತಾರ, ಖರೆ ಏನ್ರೀ?
— ರೈತರು, ಬಾಗಲಕೋಟೆ ಜಿಲ್ಲೆ

ನೀವು ಬರೆದ ಲಕ್ಷಣ ಆ ಮಾತ್ರೆಯದೇ ಇರುವ ಸಂಭವ ಹೆಚ್ಚು. ಆಮ್ಲೊಡಿಪಿನ್, ಅದರ ಅಣ್ಣನಂತಿರುವ ನಿಫೆಡಿಪಿನ್ ಕೆಲವರಲ್ಲಿ ಒಸಡು ಬೆಳೆಸುತ್ತವೆ. ಎಲ್ಲರಿಗೂ ಅಲ್ಲ, ಹಲ್ಲಿನ ಬುಡದಲ್ಲಿ ಕೊಳೆ, ಗಾರೆ ಕೂತವರಿಗೆ ಬೇಗ. ಆದರೂ ಒಬ್ಬ ದಂತವೈದ್ಯರು ಕಣ್ಣಾರೆ ನೋಡಲೇಬೇಕು, ಅದರಲ್ಲೂ ನೀವು ಗುಟ್ಖಾ, ತಂಬಾಕು ಹಾಕುವವರಾಗಿದ್ದರೆ. ಅದನ್ನು ಪತ್ರದಲ್ಲಿ ಬರೆದಿಲ್ಲ.

ಮಾತ್ರೆ ನೀವಾಗಿ ಬಿಡಬೇಡಿ. ಮೊದಲು ಗಾರೆ ತೆಗೆಸಿ. ಅದರಿಂದಲೇ ಎಷ್ಟೋ ಇಳಿಯುತ್ತದೆ. ಇಳಿಯದಿದ್ದರೆ ಬಿ.ಪಿ. ವೈದ್ಯರು ಬೇರೆ ಜಾತಿಯ ಮಾತ್ರೆಗೆ ಬದಲಾಯಿಸಿಕೊಡುತ್ತಾರೆ. ಹಲ್ಲು ಸಡಿಲವಾಗುವ ಮಾತು ಖರೆ ಅಲ್ಲರೀ. ಗಾರೆ ಕೂತು ಕೂತು ಎಲುಬು ಕರಗಿಸಿರುತ್ತದೆ, ಹಲ್ಲು ಆಗಲೇ ಸಡಿಲವಾಗಿರುತ್ತದೆ, ಗಾರೆಯೇ ಗೋಡೆಯ ಹಾಗೆ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಗೋಡೆ ಕೆಡವಿದ ದಿನ ಅಪವಾದ ಬರುವುದು ನಮ್ಮ ಮೇಲೆ. ಮತ್ತೆ, ಕ್ಲಿನಿಕ್‌ನಲ್ಲಿ ಮೊದಲು ಬಿ.ಪಿ. ನೋಡಿಸಿ. 180/110 ಇದ್ದರೆ ತುರ್ತಿಲ್ಲದ ಯಾವ ಕೆಲಸವನ್ನೂ ಅಂದು ಮಾಡುವುದಿಲ್ಲ.

ನನ್ನ ಮಗಳಿಗೆ 12 ವರ್ಷ. ರುಮ್ಯಾಟಿಕ್ ಜ್ವರ ಬಂದು ಹೃದಯದ ವಾಲ್ವ್ ಸ್ವಲ್ಪ ಕೆಟ್ಟಿದೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡಿಸುತ್ತೇವೆ. ದವಡೆ ಹಲ್ಲು ಪೂರ್ತಿ ಹುಳುಕಾಗಿದೆ, ಕೀಳಬೇಕಂತೆ. ಇಂಜೆಕ್ಷನ್ ಹೇಗೂ ನಡೆಯುತ್ತಿದೆಯಲ್ಲ, ಬೇರೆ ಔಷಧ ಬೇಡ ಅಲ್ಲವೇ?
— ತಾಯಿ, ಚಿತ್ರದುರ್ಗ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ತಾಯಿ, ಎಷ್ಟೋ ವೈದ್ಯರೂ ಇಲ್ಲಿ ಎಡವುತ್ತಾರೆ. ಆ ಇಂಜೆಕ್ಷನ್ ರುಮ್ಯಾಟಿಕ್ ಜ್ವರ ಮರುಕಳಿಸದಂತೆ ತಡೆಯಲು. ಹಲ್ಲಿನಿಂದ ಬರುವ ಸೋಂಕನ್ನು ಅದು ತಡೆಯುವುದಿಲ್ಲ. ಅಷ್ಟೇ ಅಲ್ಲ, ವರ್ಷಗಟ್ಟಲೆ ಪೆನಿಸಿಲಿನ್ ನಡುವೆಯೇ ಬದುಕಿದ ಬಾಯಿಯ ಬ್ಯಾಕ್ಟೀರಿಯಾಗಳು ಅದಕ್ಕೆ ಬಗ್ಗದಂತಾಗಿರಬಹುದು. ಆದ್ದರಿಂದ ಅದೇ ಕುಟುಂಬದ ಅಮಾಕ್ಸಿಸಿಲಿನ್ ಈ ಮಗುವಿಗೆ ಸರಿಯಾದ ಆಯ್ಕೆಯಲ್ಲ. ಅಜಿತ್ರೊಮೈಸಿನ್‌ನಂಥ ಬೇರೆ ಕುಟುಂಬದ್ದು, ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಬೇಕು.

ಬೇಕೇ ಬೇಕೇ ಎಂದರೆ, ತನ್ನದೇ ವಾಲ್ವ್ ಇರುವ ರುಮ್ಯಾಟಿಕ್ ರೋಗಿಗಳು ಅಮೆರಿಕದ ಪಟ್ಟಿಯಲ್ಲಿಲ್ಲ. ಆದರೆ ಅಮೆರಿಕದಲ್ಲಿ ಈ ರೋಗವೇ ಹೆಚ್ಚುಕಡಿಮೆ ಮಾಯವಾಗಿದೆ, ನಮ್ಮಲ್ಲಿ ಇನ್ನೂ ಶಾಲೆಯ ಮಕ್ಕಳನ್ನು ಕಾಡುತ್ತಿದೆ. ಹಾಗಾಗಿ ಇಲ್ಲಿನ ಅನೇಕ ಹೃದಯ ತಜ್ಞರು ಈಗಲೂ ಕೊಡಿ ಎನ್ನುತ್ತಾರೆ. ನಿಮ್ಮ ತಜ್ಞರಿಂದ ಬರೆಸಿಕೊಂಡು ಬನ್ನಿ. ಒಂದು ಹಲ್ಲು ಕೀಳಿಸುವಾಗ ಉಳಿದ ಹಲ್ಲುಗಳಿಗೂ ಫಿಲ್ಲಿಂಗ್, ಫ್ಲೋರೈಡ್ ಮಾಡಿಸಿ. ಒಸಡು ಊದಿದ ಬಾಯಿಯಲ್ಲಿ ದಿನಾ ಬ್ರಶ್ ಮಾಡುವಾಗಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆಯ ಒಂದು ಡೋಸ್ ಅದನ್ನು ತಡೆಯಲಾರದು. 21 ದಿನದ ಇಂಜೆಕ್ಷನ್ ಮಾತ್ರ ಪರೀಕ್ಷೆ, ಜಾತ್ರೆ, ಮದುವೆ ಯಾವ ನೆಪಕ್ಕೂ ತಪ್ಪಿಸಬೇಡಿ.

ನಾಲ್ಕು ತಿಂಗಳಿಂದ ಎಡಗಡೆ ಕೆಳದವಡೆ ನೋವು. ತೋಟದ ಏರು ಹತ್ತುವಾಗ ಶುರುವಾಗುತ್ತದೆ, ಐದು ನಿಮಿಷ ನಿಂತರೆ ಹೋಗುತ್ತದೆ. ಒಂದು ಹಲ್ಲು ಕೀಳಿಸಿದೆ, ಇನ್ನೊಂದಕ್ಕೆ ರೂಟ್ ಕೆನಾಲ್ ಆಯಿತು. ನೋವು ಹಾಗೇ ಇದೆ. ವಯಸ್ಸು 54, ಸಕ್ಕರೆ ಕಾಯಿಲೆ ಇದೆ.
— ಕಾಫಿ ಬೆಳೆಗಾರರು, ಮಡಿಕೇರಿ

ನಿಮಗೆ ಉತ್ತರ ಅಂಚೆಯಲ್ಲಿ ಮೊದಲೇ ಕಳಿಸಿದ್ದೇನೆ, ಅಂಕಣಕ್ಕೆ ಕಾಯಲಿಲ್ಲ. ಬೇರೆಯವರಿಗೂ ಗೊತ್ತಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಹಲ್ಲಿಗೆ ತಣ್ಣೀರು ಗೊತ್ತು, ಬಿಸಿ ಗೊತ್ತು, ಕಚ್ಚುವುದು ಗೊತ್ತು. ಏರು ಹತ್ತುವುದು ಗೊತ್ತಿಲ್ಲ. ನಡೆದರೆ ಬರುವ, ನಿಂತರೆ ಹೋಗುವ ದವಡೆ ನೋವು ಹೃದಯದ್ದು ಎಂದೇ ಹಿಡಿಯಬೇಕು, ಅಲ್ಲವೆಂದು ಪರೀಕ್ಷೆ ಹೇಳುವ ತನಕ. ಸಕ್ಕರೆ ಕಾಯಿಲೆಯವರಲ್ಲಿ ಎದೆ ನೋಯದೆಯೇ ದವಡೆ ಮಾತ್ರ ನೋಯಬಹುದು, ಹೆಂಗಸರಲ್ಲೂ ಹಾಗೆ. ಇನ್ನೊಂದು ಹಲ್ಲು ಮುಟ್ಟಿಸಬೇಡಿ. ಇಸಿಜಿ, ಎಕೋ ಮಾಡಿಸಿ. ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಬಿಡಬೇಡಿ, ಟ್ರೆಡ್‌ಮಿಲ್ ಬೇಕೇ ಎಂದು ತಜ್ಞರನ್ನು ಕೇಳಿ. ಸುಮ್ಮನೆ ಕೂತಿದ್ದಾಗಲೇ ಆ ನೋವು ಬಂದು ಬೆವರಿದರೆ 108ಕ್ಕೆ ಫೋನ್ ಮಾಡಿ.

ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಅಡ್ರಿನಲಿನ್ ಇರುತ್ತದಂತೆ, ಹೃದಯ ಜೋರಾಗಿ ಹೊಡೆದುಕೊಳ್ಳುತ್ತದಂತೆ. ಅದಿಲ್ಲದೆ ಕೀಳಿಸಿಕೊಳ್ಳಬಹುದೇ? ನೋವು ತಡೆಯುವ ಶಕ್ತಿ ನನಗಿದೆ.
— ಓದುಗರು, ಹಾಸನ

ಶಕ್ತಿ ಇರಬಹುದು, ಹೃದಯಕ್ಕೆ ಆ ಪರೀಕ್ಷೆ ಬೇಡ. ನೋವಾದಾಗ, ಹೆದರಿದಾಗ ದೇಹ ತಾನೇ ಅಡ್ರಿನಲಿನ್ ಸುರಿಸುತ್ತದೆ, ಅದಕ್ಕೆ ಮಿತಿ ಹಾಕುವವರು ಯಾರೂ ಇಲ್ಲ. ಇಂಜೆಕ್ಷನ್‌ನದಕ್ಕೆ ಲೆಕ್ಕ ಇದೆ. ನಮ್ಮಲ್ಲಿ ಹೆಚ್ಚು ಬಳಸುವ ಲಿಗ್ನೊಕೇನ್‌ನಲ್ಲಿ ಅದು 80,000ಕ್ಕೆ ಒಂದು ಪಾಲು, ಅಂದರೆ ಒಂದು ಮಿ.ಲೀ.ನಲ್ಲಿ 0.0125 ಮಿಲಿಗ್ರಾಂ. ಹೃದ್ರೋಗಿಗೆ ಒಂದು ಸಲಕ್ಕೆ 0.04 ಮಿಲಿಗ್ರಾಂ ದಾಟಬಾರದು ಎಂಬುದು ವಾಡಿಕೆ, ಹಾಗಾಗಿ ಮೂರು ಮಿ.ಲೀ. ಒಳಗೆ ಮುಗಿಸಬೇಕು. ಒಂದು ಹಲ್ಲಿಗೆ ಅಷ್ಟು ಬೇಕಾಗುವುದೂ ಇಲ್ಲ. ಸೂಜಿ ರಕ್ತನಾಳದಲ್ಲಿಲ್ಲ ಎಂದು ಹಿಂದಕ್ಕೆಳೆದು ನೋಡಿ, ನಿಧಾನವಾಗಿ ಕೊಡಬೇಕು, ಅಷ್ಟೇ. ಪ್ರೊಪ್ರನೊಲಾಲ್ ತಗೊಳ್ಳುತ್ತಿದ್ದರೆ, ಹೃದಯದ ಲಯ ಹತೋಟಿಗೆ ಬಂದಿಲ್ಲದಿದ್ದರೆ ಅಥವಾ ಇತ್ತೀಚೆಗೆ ಎದೆನೋವು ಹೆಚ್ಚಾಗಿದ್ದರೆ ಮೊದಲೇ ಹೇಳಿ, ಆಗ ಲೆಕ್ಕ ಬದಲಾಗುತ್ತದೆ.

ಪೇಸ್‌ಮೇಕರ್ ಇದೆ. ಮೆಷಿನ್ ಕ್ಲೀನಿಂಗ್ ಮಾಡಿಸಬಹುದೇ?
— ಓದುಗರು, ಬೆಂಗಳೂರು

ಇತ್ತೀಚಿನ ಪೇಸ್‌ಮೇಕರ್‌ಗಳಿಗೆ ಒಳ್ಳೆಯ ಕವಚ ಇರುತ್ತದೆ, ಪೀಜೊ ಬಗೆಯ ಮೆಷಿನ್ ಆದರೆ ಚಿಂತೆ ಇಲ್ಲ. ಹಳೆಯ ಮ್ಯಾಗ್ನೆಟೊ ಬಗೆಯದಾದರೆ ಕೈಯಿಂದಲೇ ಮಾಡಿ ಎನ್ನಿ. ಒಸಡು ಸುಡುವ ಕಾಟರಿ ಮಾತ್ರ ಬೇಡ. ಪೇಸ್‌ಮೇಕರ್ ಕಾರ್ಡ್ ಜೊತೆಗಿರಲಿ.

ಕಾರ್ಡ್ ಎಂದಾಗ ನೆನಪಾಯಿತು. ಈ ಸಲ ಬಂದ ಪತ್ರಗಳಲ್ಲಿ ಹಲವು ‘ಒಂದು ಬಿಳಿ ಮಾತ್ರೆ, ಒಂದು ಗುಲಾಬಿ ಮಾತ್ರೆ, ರಾತ್ರಿಗೆ ಅರ್ಧ ಮಾತ್ರೆ’ ಎಂದಿವೆ. ಅವಕ್ಕೆ ಉತ್ತರ ಬರೆಯಲು ಆಗಿಲ್ಲ, ಕ್ಷಮಿಸಿ. ಪತ್ರ ಬರೆಯುವಾಗ ಸ್ಟ್ರಿಪ್ ಹಿಂದಿನ ಹೆಸರನ್ನು ಅಕ್ಷರ ಅಕ್ಷರ ನೋಡಿ ಬರೆಯಿರಿ. ದಂತವೈದ್ಯರ ಬಳಿ ಹೋಗುವಾಗ ಬರೆಯುವುದೂ ಬೇಡ, ಮಾತ್ರೆ ಇಡುವ ಆ ಪ್ಲಾಸ್ಟಿಕ್ ಕವರನ್ನೇ ತಗೊಂಡು ಹೋಗಿ.